ಕೊಕೆಶಿ: ಬೆಟ್ಟದಿಂದ ಇಳಿದವರ ಗೊಂಬೆ

ಒಂಬತ್ತನೇ ಶತಮಾನದ ಜಪಾನಿನಲ್ಲಿ ಕೊರೆತಾಕಾ ಎಂಬ ರಾಜಕುಮಾರನಿದ್ದ. ಚಕ್ರವರ್ತಿ ಮೊಂತೊಕುವಿನ ಹಿರಿಯ ಮಗ. ಪಟ್ಟ ಅವನಿಗೇ ಬರಬೇಕಿತ್ತು. ಆದರೆ ಅವನ ತಾಯಿ ಆಗ ಪ್ರಬಲವಾಗಿದ್ದ ಫುಜಿವಾರಾ ಮನೆತನದವಳಾಗಿರಲಿಲ್ಲ. 858ರಲ್ಲಿ ಆ ಮನೆತನದ ಹೆಣ್ಣುಮಗಳಿಗೆ ಹುಟ್ಟಿದ ತಮ್ಮ, ಇನ್ನೂ ಆಡುವ ವಯಸ್ಸಿನ ಹುಡುಗ, ಸಿಂಹಾಸನ ಏರಿದ. ಅಣ್ಣ ಮುಂದೆ ತಲೆ ಬೋಳಿಸಿಕೊಂಡು ಸನ್ಯಾಸಿಯಾದ. ಇತಿಹಾಸ ಹೇಳುವುದು ಇಷ್ಟು.

ಇದರ ಮುಂದಿನ ಕಥೆಯನ್ನು ಮರ ಕಡೆಯುವವರು ಹೇಳುತ್ತಾರೆ. ರಾಜಕುಮಾರ ಓಮಿ ಸೀಮೆಯ ಓಗುರಾ ಕಣಿವೆಗೆ ಬಂದು ನೆಲೆಸಿದನಂತೆ. ಒಂದು ದಿನ ಸುರುಳಿ ಸುತ್ತಿದ ಧರ್ಮಗ್ರಂಥವನ್ನು ಬಿಚ್ಚಲು ದಾರ ಎಳೆದಾಗ ಅದರ ಒಳಗಿನ ಕೋಲು ಗಿರ್ರನೆ ತಿರುಗಿತಂತೆ. ಕೋಲಿಗೆ ಹಗ್ಗ ಸುತ್ತಿ ಎಳೆದರೆ ಅದು ತಿರುಗುತ್ತದೆ, ಅದರ ತುದಿಗೆ ಮರದ ತುಂಡು ಸಿಕ್ಕಿಸಿ ಉಳಿ ಹಿಡಿದರೆ ಬಟ್ಟಲು ಮೂಡುತ್ತದೆ ಎಂದು ಹೊಳೆದು, ಈ ವಿದ್ಯೆಯನ್ನು ಕಣಿವೆಯ ಜನಕ್ಕೆ ಕಲಿಸಿದನಂತೆ. ಜಪಾನಿನ ಉದ್ದಗಲಕ್ಕೂ ಹಬ್ಬಿದ ಕಿಜಿಶಿಗಳು, ಅಂದರೆ ಮರ ಕಡೆಯುವ ಕಸುಬಿನವರು, ಇಂದಿಗೂ ಅವನನ್ನೇ ಕುಲಗುರು ಎಂದು ಪೂಜಿಸುತ್ತಾರೆ.

ಐತಿಹ್ಯಕ್ಕೂ ಕಾಲಗಣನೆಗೂ ಇಲ್ಲಿ ಹೊಂದಿಕೆಯಾಗುವುದಿಲ್ಲ. ಕೊರೆತಾಕಾ ಹುಟ್ಟುವ ಎಷ್ಟೋ ವರ್ಷ ಮೊದಲೇ, 764ರಲ್ಲಿ ನಡೆದ ಒಂದು ದಂಗೆ ಅಡಗಿದ ಮೇಲೆ, ಮಹಾರಾಣಿ ಶೊತೊಕು ಹತ್ತು ಲಕ್ಷ ಪುಟ್ಟ ಮರದ ಗೋಪುರಗಳನ್ನು ಮಾಡಿಸುವ ಹರಕೆ ಹೊತ್ತಿದ್ದಳು. 770ರ ಹೊತ್ತಿಗೆ ಅವು ಸಿದ್ಧವಾದವು. ಒಂದೊಂದರ ಹೊಟ್ಟೆಯಲ್ಲೂ ಅಚ್ಚು ಹಾಕಿದ ಮಂತ್ರದ ಚೀಟಿ ಇಟ್ಟು ಹತ್ತು ದೇವಾಲಯಗಳಿಗೆ ಹಂಚಲಾಯಿತು. ನಾರಾ ಬಳಿಯ ಹೊರ್‍ಯುಜಿ ದೇವಾಲಯದಲ್ಲಿ ಅವುಗಳಲ್ಲಿ ಸಾವಿರಾರು ಈಗಲೂ ಇವೆ. ಅವೆಲ್ಲ ತಿರುಗುವ ಯಂತ್ರದ ಮೇಲೆ ಕಡೆದವು. ಅಂದರೆ ವಿದ್ಯೆ ರಾಜಕುಮಾರನಿಗಿಂತ ಹಳೆಯದು. ಆದರೂ ಕಿಜಿಶಿಗಳಿಗೆ ಅವನ ಕಥೆ ಬೇಕಿತ್ತು. ಊರಿಲ್ಲದೆ, ಹೊಲವಿಲ್ಲದೆ ಬೆಟ್ಟದಿಂದ ಬೆಟ್ಟಕ್ಕೆ ಅಲೆಯುವ ಜನಕ್ಕೆ ಆ ಹೆಸರೇ ಮಾನ, ಅದೇ ರಹದಾರಿ.

ಕೊಕೆಶಿ ಎಂಬ ಮರದ ಗೊಂಬೆ ಈ ಜನರ ಕೈಯಿಂದ ಬಂದದ್ದು. ಕೈಕಾಲಿಲ್ಲದ ಉರುಟು ಮೈ, ಅದರ ಮೇಲೊಂದು ದುಂಡು ತಲೆ, ನಾಲ್ಕಾರು ಗೆರೆಗಳಲ್ಲಿ ಮುಗಿಯುವ ಮುಖ. ಇಷ್ಟೇ ಇರುವ ಗೊಂಬೆಯನ್ನು ನೋಡಿದರೆ ಸಾವಿರಾರು ವರ್ಷಗಳಿಂದ ಹೀಗೇ ಇತ್ತೇನೋ ಅನ್ನಿಸುತ್ತದೆ. ನಿಜದಲ್ಲಿ ಅದಕ್ಕೆ ಸುಮಾರು ಇನ್ನೂರು ವರ್ಷ. ಆ ಇನ್ನೂರು ವರ್ಷಗಳಲ್ಲಿ ಅದು ಹಲವು ಸಲ ಅಳಿವಿನ ಅಂಚಿಗೆ ಬಂದು, ಪ್ರತಿ ಸಲವೂ ಹೊಸಬರ ಕೈ ಸೇರಿ ಉಳಿಯಿತು.

ಕಿಜಿಶಿಗಳ ಬದುಕು ಮರದ ಸುತ್ತ ಸುತ್ತುತ್ತಿತ್ತು. ಒಂದು ಬೆಟ್ಟದಲ್ಲಿ ಒಳ್ಳೆಯ ಮರ ಇರುವಷ್ಟು ದಿನ ಗುಡಿಸಲು ಹಾಕಿ ಬಟ್ಟಲು, ತಟ್ಟೆ ಕಡೆಯುವುದು, ಮರ ಮುಗಿದಾಗ ಮುಂದಿನ ಬೆಟ್ಟಕ್ಕೆ ಹೋಗುವುದು. ಯಾರಾದರೂ ತಡೆದರೆ ತೋರಿಸಲು ಅವರ ಬಳಿ ಕೊರೆತಾಕಾನ ಹೆಸರಿನ ಹಳೆಯ ಪತ್ರಗಳ ನಕಲುಗಳಿದ್ದವು. ಬೆಟ್ಟದ ಮೇಲ್ಭಾಗದ ಮರಗಳನ್ನು ದೇಶದ ಯಾವ ಮೂಲೆಯಲ್ಲಾದರೂ ಕಡಿಯುವ ಹಕ್ಕು ತಮ್ಮದು ಎಂದು ಆ ಪತ್ರಗಳು ಸಾರುತ್ತಿದ್ದವು. ಓಗುರಾ ಕಣಿವೆಯ ದೇಗುಲಗಳಿಂದ ಪ್ರತಿನಿಧಿಗಳು ಆಗಾಗ ಹೊರಟು ನಾಡೆಲ್ಲ ಸುತ್ತಿ ಕಿಜಿಶಿಗಳನ್ನು ಹುಡುಕಿ, ಹೆಸರು ಬರೆದುಕೊಂಡು ಕಾಣಿಕೆ ಎತ್ತುತ್ತಿದ್ದರು. ಈ ದಾಖಲೆಯ ಪುಸ್ತಕಗಳು 1647ರಿಂದ 1893ರವರೆಗೂ ಮುಂದುವರಿದಿವೆ. ಯಾವ ಊರಿನ ಲೆಕ್ಕಕ್ಕೂ ಸಿಗದ ಜನ ಈ ಪುಸ್ತಕಗಳಲ್ಲಿ ಹೆಸರಾಗಿ ಉಳಿದಿದ್ದಾರೆ.

ಅವರು ಈಶಾನ್ಯ ಜಪಾನಿಗೆ, ಅಂದರೆ ತೊಹೊಕು ಸೀಮೆಗೆ, ಹೆಚ್ಚಾಗಿ ಬಂದದ್ದಕ್ಕೆ ಒಂದು ರಾಜಕೀಯ ಕಾರಣವೂ ಇತ್ತು. 1590ರಲ್ಲಿ ಗಾಮೊ ಉಜಿಸಾತೊ ಎಂಬ ಸಾಮಂತನಿಗೆ ಐಜು ಪ್ರಾಂತ್ಯ ಸಿಕ್ಕಿತು. ಅವನು ಓಮಿ ಸೀಮೆಯವನೇ. ಹೊಸ ರಾಜ್ಯದಲ್ಲಿ ಅರಗಿನ ಪಾತ್ರೆಗಳ ಕಸುಬನ್ನು ಬೆಳೆಸಲು ತನ್ನ ಹುಟ್ಟೂರಿನ ಕಡೆಯಿಂದ ಕಡೆತದವರನ್ನೂ ಅರಗಿನ ಕೆಲಸದವರನ್ನೂ ಕರೆಸಿಕೊಂಡ. ಅಲ್ಲಿಂದ ಅವರ ಸಂತತಿ ಉತ್ತರದ ಬೆಟ್ಟಗಳಿಗೆ ಹರಡಿತು.

ಆ ಕಾಲದ ಕಡೆತದ ಯಂತ್ರಕ್ಕೆ ಇಬ್ಬರು ಬೇಕಿತ್ತು. ನೆಲದಿಂದ ತುಸು ಎತ್ತರದಲ್ಲಿ ಅಡ್ಡಲಾಗಿ ಕೂರಿಸಿದ ಮರದ ದಂಡ, ಅದರ ತುದಿಯಲ್ಲಿ ಕಬ್ಬಿಣದ ಮುಳ್ಳುಗಳು. ಮರದ ತುಂಡನ್ನು ಆ ಮುಳ್ಳಿಗೆ ಹೊಡೆದು ಕೂರಿಸುತ್ತಿದ್ದರು. ದಂಡಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಒಬ್ಬರು, ಹೆಚ್ಚಾಗಿ ಮನೆಯ ಹೆಂಗಸು, ಕೂತು ಒಂದಾದ ಮೇಲೊಂದರಂತೆ ಎಳೆಯಬೇಕು. ಒಮ್ಮೆ ಎಳೆದರೆ ದಂಡ ಮುಂದಕ್ಕೆ, ಇನ್ನೊಮ್ಮೆ ಎಳೆದರೆ ಹಿಂದಕ್ಕೆ. ಉಳಿ ಹಿಡಿದವನ ಅಲಗು ಒಂದು ದಿಕ್ಕಿನ ಸುತ್ತಿಗೆ ಮಾತ್ರ ಮರವನ್ನು ಕಚ್ಚುತ್ತದೆ, ಮರುಸುತ್ತಿಗೆ ಅವನು ತಡೆದು ಕಾಯಬೇಕು. ಎಳೆಯುವವಳ ತೋಳು ಹದ ತಪ್ಪಿದರೆ ಬಟ್ಟಲಿನ ಅಂಚೂ ಹದ ತಪ್ಪುತ್ತದೆ. ಹಳೆಯ ಬಟ್ಟಲುಗಳಲ್ಲಿ, ಮೊದಲ ಗೊಂಬೆಗಳಲ್ಲಿ ಹೀಗೆ ಇಬ್ಬರ ದುಡಿಮೆ ಇತ್ತು. ಕಸುಬಿನ ಚರಿತ್ರೆಯಲ್ಲಿ ಹೆಸರು ಉಳಿದದ್ದು ಮಾತ್ರ ಉಳಿ ಹಿಡಿದವನದು.

ತೊಹೊಕುವಿನ ಬೆಟ್ಟಗಳ ತುಂಬ ಬಿಸಿನೀರಿನ ಬುಗ್ಗೆಗಳು. ಅಲ್ಲಿನ ರೈತರಿಗೆ ಒಂದು ಪದ್ಧತಿಯಿತ್ತು: ನಾಟಿ ಮುಗಿದ ಮೇಲೆ, ಕೊಯ್ಲು ಮುಗಿದ ಮೇಲೆ, ಅಕ್ಕಿ-ಉಪ್ಪಿನಕಾಯಿ ಹೊತ್ತು ಬುಗ್ಗೆಯ ಊರಿಗೆ ಹೋಗುವುದು. ಅಲ್ಲೇ ಅಡುಗೆ ಮಾಡಿಕೊಂಡು ದಿನಗಟ್ಟಲೆ ಬಿಸಿನೀರಲ್ಲಿ ಕೂತು ಸೊಂಟದ, ಮಂಡಿಯ ನೋವು ಕಳೆದುಕೊಳ್ಳುವುದು. ಹತ್ತೊಂಬತ್ತನೇ ಶತಮಾನದ ಆರಂಭದ ದಶಕಗಳಲ್ಲಿ, ಸುಮಾರು 1804ರಿಂದ 1830ರ ನಡುವೆ, ಈ ಊರುಗಳ ಸುತ್ತ ನೆಲೆಸಿದ್ದ ಕಿಜಿಶಿಗಳು ಅವರಿಗಾಗಿ ಬಟ್ಟಲಿನ ಜೊತೆ ಬುಗುರಿ, ಗಾಲಿ, ಗೊಂಬೆಗಳನ್ನೂ ಕಡೆಯತೊಡಗಿದರು. ಮನೆಯಲ್ಲಿ ಬಿಟ್ಟು ಬಂದ ಮಗುವಿಗೆ, ಮೊಮ್ಮಗಳಿಗೆ ಏನಾದರೂ ಒಯ್ಯಬೇಕಲ್ಲ! ಕ್ಯೋಟೊದಲ್ಲಿ ರೇಷ್ಮೆ ಉಡಿಸಿದ ಗೊಂಬೆಗಳಿದ್ದವು, ಶ್ರೀಮಂತರ ಮನೆಯಲ್ಲಿ ಹಬ್ಬಕ್ಕೆ ಮೆಟ್ಟಿಲು ಕಟ್ಟಿ ಕೂರಿಸುವ ಗೊಂಬೆಗಳಿದ್ದವು. ಅವೆಲ್ಲ ಉತ್ತರದ ರೈತನ ಕೈಗೆ ಎಟುಕುವ ಮಾತಾಗಿರಲಿಲ್ಲ. ಉಳಿಕೆ ಮರದ ತುಂಡಿನಿಂದ ಕಡೆದ, ಮಗುವಿನ ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ ಗೊಂಬೆ ಎಟುಕುತ್ತಿತ್ತು.

ಅದರ ಮೇಲಿನ ಕೆಂಪಿಗೂ ಅರ್ಥವಿತ್ತು. ಸಿಡುಬು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಕೆಂಪು ಬಣ್ಣ ಸಿಡುಬನ್ನು ದೂರ ಇಡುತ್ತದೆ, ಬಂದರೂ ಹಗುರ ಮಾಡುತ್ತದೆ ಎಂದು ಜಪಾನಿನಲ್ಲಿ ನಂಬಿದ್ದರು. ದಕ್ಷಿಣದ ಹಕೊನೆ, ಒದವಾರಾ ಕಡೆ ಕೆಂಪು ಬಳಿದ ಮರದ ಆಟಿಕೆಗಳು ಮೊದಲೇ ಪ್ರಸಿದ್ಧವಾಗಿದ್ದವು. ಇಸೆ ದೇಗುಲದ ಯಾತ್ರೆಗೆ ಹೋದ ಉತ್ತರದವರು ಅವನ್ನು ನೋಡಿ ಬಂದರು. ಹಾಗಾಗಿ ಬುಗ್ಗೆಯ ಊರಿನಿಂದ ಮನೆಗೆ ಬಂದ ಗೊಂಬೆ ಆಟದ ಸಾಮಾನೂ ಆಗಿತ್ತು, ಮಗು ಬದುಕಲಿ ಎಂಬ ಹಾರೈಕೆಯೂ ಆಗಿತ್ತು. 1860ರ ದಶಕದ ಆರಂಭದ ಹಳೆಯ ಕಾಗದಗಳಲ್ಲಿ ಇಂಥ ಗೊಂಬೆಗಳ ಪ್ರಸ್ತಾಪ ಸಿಗುತ್ತದೆ. ಅಷ್ಟರಲ್ಲಿ ಅದು ಮಾರಾಟದ ಪಟ್ಟಿಯಲ್ಲಿ ಜಾಗ ಪಡೆದ ಸರಕಾಗಿತ್ತು.

1868ರಲ್ಲಿ ಮೇಜಿ ಆಡಳಿತ ಬಂತು. ಹೊಸ ಸರ್ಕಾರ ನೆಲವನ್ನು ಅಳೆದು, ಒಡೆಯರನ್ನು ಗುರುತಿಸಿ, 1873ರಿಂದ ಹಣದಲ್ಲಿ ಕಂದಾಯ ಕಟ್ಟಿಸಿಕೊಳ್ಳತೊಡಗಿತು. ಬೆಟ್ಟದ ಕಾಡು ಸರ್ಕಾರದ್ದೋ ಖಾಸಗಿಯವರದ್ದೋ ಆಯಿತು. ರಾಜಕುಮಾರನ ಹೆಸರಿನ ಪತ್ರಗಳಿಗೆ ಕಚೇರಿಗಳಲ್ಲಿ ಬೆಲೆ ಇಲ್ಲವಾಯಿತು. ಮರವನ್ನು ಕೊಳ್ಳಬೇಕಾದಾಗ ಅಲೆದಾಟದಲ್ಲಿ ಅರ್ಥವಿರಲಿಲ್ಲ. ಇನ್ನೂ ಬೆಟ್ಟದಲ್ಲೇ ಉಳಿದಿದ್ದ ಕಿಜಿಶಿಗಳೂ ಕೆಳಗಿಳಿದು ಬಂದರು. ಕೆಲವರು ರೈತರಾದರು, ಕೆಲವರು ಬುಗ್ಗೆಯ ಊರುಗಳಲ್ಲಿ ಅಂಗಡಿ ಹಾಕಿದರು. ಮೊದಲು ಸಗಟು ವ್ಯಾಪಾರಿಗೆ ಬಟ್ಟಲು ಒಪ್ಪಿಸಿ ಬೆಟ್ಟಕ್ಕೆ ಮರಳುತ್ತಿದ್ದವರು ಈಗ ಗಿರಾಕಿಯ ಮುಖ ನೋಡಿ ಕೆಲಸ ಮಾಡಬೇಕಾಯಿತು. ಮಗು ಯಾವ ಗೊಂಬೆಗೆ ಕೈ ಚಾಚುತ್ತದೆ, ಯಾವ ಬಣ್ಣಕ್ಕೆ ತಾಯಿ ನಿಲ್ಲುತ್ತಾಳೆ ಎಂಬುದು ಅವರಿಗೆ ತಿಳಿಯತೊಡಗಿತು. ಜೀವನದ ದಾರಿ ಮುಚ್ಚಿದ್ದರಿಂದಲೇ ಒಂದು ಕಲೆ ಅರಳಿದ ಸಂದರ್ಭ ಇದು.

1880ರ ದಶಕದಲ್ಲಿ ಒಬ್ಬನೇ ಕಾಲಿನಿಂದ ತುಳಿದು ನಡೆಸುವ ಯಂತ್ರ ತೊಹೊಕುವಿಗೆ ಬಂತು. ಹಗ್ಗ ಎಳೆಯುವವರು ಬೇಕಾಗಲಿಲ್ಲ. ಕೆಲಸ ಚುರುಕಾಯಿತು, ಆಕಾರಗಳು ನಯವಾದವು. ತಿರುಗುವ ಗೊಂಬೆಯ ಮೈಗೆ ಕುಂಚ ತಾಗಿಸಿ ಸುತ್ತಲೂ ಉಂಗುರದಂಥ ಗೆರೆ ಎಳೆಯುವುದು ಸಲೀಸಾಯಿತು. 1915ರಲ್ಲಿ ನರುಕೊ ಎಂಬ ಬುಗ್ಗೆಯ ಊರಿಗೆ ರೈಲು ಬಂದಾಗ ದೂರದ ಊರಿನವರೂ ಬಂದು ಬುಗ್ಗೆಯಲ್ಲಿ ಮಿಂದು ಗೊಂಬೆ ಕೊಂಡರು.

ಬೆಟ್ಟಗಳ ನಡುವಿನ ಆ ಊರುಗಳಲ್ಲಿ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದ ಕೈಚಳಕದಿಂದ ಒಂದೊಂದು ಊರಿಗೂ ಒಂದೊಂದು ಚಹರೆ ಮೂಡಿತು. ಇಂದು ಹನ್ನೊಂದು ಪರಂಪರೆಗಳನ್ನು ಎಣಿಸುತ್ತಾರೆ, ಕೆಲವರು ಹನ್ನೆರಡು ಎನ್ನುತ್ತಾರೆ. ಫುಕುಶಿಮಾದ ತ್ಸುಚಿಯು ಗೊಂಬೆಗೆ ತಲೆ ಚಿಕ್ಕದು, ಮೈ ತೆಳು, ನೆತ್ತಿಯ ಮೇಲೆ ಹಾವಿನ ಕಣ್ಣಿನಂತೆ ಕಾಣುವ ಕಪ್ಪು ವರ್ತುಲ. ಮಿಯಾಗಿಯ ತೋಗತ್ತಾ ಗೊಂಬೆಗೆ ತಲೆ ದೊಡ್ಡದು, ನೆತ್ತಿಯಿಂದ ಸುತ್ತಲೂ ಇಳಿಯುವ ಕೆಂಪು ದಳಗಳು, ಮೈಮೇಲೆ ಪದರ ಪದರವಾಗಿ ಸೇವಂತಿಗೆ. ಯಾಜಿರೊ ಗೊಂಬೆಯ ತಲೆಗೆ ಟೋಪಿಯಿಟ್ಟಂತೆ ಬಣ್ಣದ ಉಂಗುರಗಳು. ಸಕುನಾಮಿಯದು ಮಗು ಹಿಡಿದು ಆಡಲಿ ಎಂದು ಸಣ್ಣಗೆ ಕಡೆದ ಮೈ. ಹಿಜಿಓರಿಯ ಹಳೆಯ ಗೊಂಬೆಗಳಲ್ಲಿ ಕೆಲವುಗಳ ತಲೆಯೊಳಗೆ ಕಾಳು ತುಂಬಿ, ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವಂತೆ ಮಾಡಿದ್ದರು. ಇವಾತೆ ಕಡೆಯ ನಾನ್ಬು ಗೊಂಬೆಗೆ ಬಣ್ಣವೇ ಇಲ್ಲ. ಸಡಿಲವಾಗಿ ಕೂರಿಸಿದ ತಲೆ ಅತ್ತಿತ್ತ ತೂಗುತ್ತದೆ. ಅದು ಹಲ್ಲು ಬರುವ ಹಸುಗೂಸು ಬಾಯಿಗಿಟ್ಟುಕೊಳ್ಳಲು ಮಾಡಿದ್ದು. ಅಕಿತಾದ ಕಿಜಿಯಾಮಾ ಗೊಂಬೆಯನ್ನು ತಲೆ-ಮೈ ಸೇರಿ ಒಂದೇ ಮರದಲ್ಲಿ ಕಡೆದು, ಕಿಮೋನೊ ಮೇಲಿನ ಏಪ್ರನ್ನಿನಲ್ಲಿ ಪ್ಲಮ್ ಹೂಗಳನ್ನು ಬಿಡಿಸುತ್ತಾರೆ. ಆ ಗೊಂಬೆಯನ್ನು ನಾಡಿಗೆಲ್ಲ ಪರಿಚಯಿಸಿದ ಕುಶಲಕರ್ಮಿಯ ಹೆಸರು ಓಗುರಾ ಕ್ಯುತಾರೊ. ರಾಜಕುಮಾರನ ಕಥೆಯ ಕಣಿವೆ ಅವನ ಮನೆತನದ ಹೆಸರಾಗಿ ಉಳಿದಿತ್ತು. ತೀರ ಉತ್ತರದ ತ್ಸುಗರು ಗೊಂಬೆಗಳ ಮೈಮೇಲೆ ಅಲ್ಲಿನ ದೊರೆಗಳ ಲಾಂಛನವಾದ ಪಿಯೊನಿ ಹೂ, ಮೂಲನಿವಾಸಿಗಳಾದ ಐನು ಜನರ ಕಸೂತಿಯ ಬಳ್ಳಿ, ದಿಟ್ಟಿಸಿ ನೋಡುವ ದಾರುಮಾ (ಬೋಧಿಧರ್ಮ) ಮುಖ ಬಂದು ಸೇರಿದವು.

ನರುಕೊ ಗೊಂಬೆಯನ್ನು ಹತ್ತಿರದಿಂದ ನೋಡಬೇಕು. ಅದಕ್ಕೆ ಬೇಕಾದ್ದು ಹೆಚ್ಚಾಗಿ ಮಿಝುಕಿ ಎಂಬ ಮರ, ಬಿಳಿಯ, ಸಣ್ಣ ಎಳೆಯ, ಬಣ್ಣ ಚೆನ್ನಾಗಿ ಹಿಡಿಯುವ ಮರ. ಚಳಿ ಶುರುವಾಗಿ ಮರದ ನೀರು ಇಳಿದಾಗ ಕಡಿದು, ತೊಗಟೆ ಸುಲಿದು, ತಿಂಗಳುಗಟ್ಟಲೆ ಗಾಳಿಗೆ ಒಣಗಲು ಬಿಡುತ್ತಾರೆ. ಉಳಿಗಳನ್ನು ಅಂಗಡಿಯಲ್ಲಿ ಕೊಳ್ಳುವುದಿಲ್ಲ. ತಮ್ಮ ಕೈಗೆ ಒಗ್ಗುವಂತೆ ಕುಲುಮೆಯಲ್ಲಿ ತಾವೇ ಬಡಿದು ಮಾಡಿಕೊಳ್ಳುವ ರೂಢಿ. ಮೈ, ತಲೆ ಬೇರೆ ಬೇರೆಯಾಗಿ ಕಡೆದು, ಮೈಯ ಮೇಲ್ತುದಿಯಲ್ಲಿ ಗುಳಿ ತೆಗೆಯುತ್ತಾರೆ. ತಲೆಯ ಕೆಳಗಿನ ಗೂಟ ಆ ಗುಳಿಗಿಂತ ಒಂದು ಕೂದಲೆಳೆ ದಪ್ಪ. ಮೈ ಜೋರಾಗಿ ತಿರುಗುತ್ತಿರುವಾಗಲೇ ತಲೆಯನ್ನು ಗುಳಿಗೆ ಒತ್ತಿ ಹಿಡಿಯುತ್ತಾರೆ. ಮರ ಮರಕ್ಕೆ ಉಜ್ಜಿ ಕಾವು ಏರಿ ಹೊಗೆಯ ವಾಸನೆ ಬರುತ್ತದೆ, ಗೂಟ ಜಾರಿ ಒಳಗೆ ಕೂರುತ್ತದೆ. ಅಂಟು ಇಲ್ಲ, ಮೊಳೆ ಇಲ್ಲ. ತಣ್ಣಗಾದ ಮೇಲೆ ತಲೆ ಕಳಚುವುದಿಲ್ಲ, ಆದರೆ ತಿರುಗುತ್ತದೆ. ತಿರುಗಿಸಿದರೆ ಕೀಚ್ ಕೀಚ್ ಎಂದು ಕೂಗುತ್ತದೆ. ತಲೆಮಾರುಗಳಿಂದ ಮಕ್ಕಳನ್ನು ನಗಿಸಿದ ಸದ್ದು ಇದು. ಕೊನೆಗೆ ಮುಖ. ಹುಬ್ಬಿಗೊಂದು, ಕಣ್ಣಿಗೊಂದೆರಡು, ಮೂಗಿಗೊಂದು ಗೆರೆ. ಮರ ಶಾಯಿಯನ್ನು ಕೂಡಲೇ ಹೀರುವುದರಿಂದ ಅಳಿಸಿ ತಿದ್ದುವಂತಿಲ್ಲ. ಒಂದೇ ಗುರುವಿನ ಇಬ್ಬರು ಶಿಷ್ಯರ ಗೊಂಬೆಗಳೂ ಒಂದೇ ಮುಖ ಹೊರುವುದಿಲ್ಲ. ಅಷ್ಟು ಕಡಿಮೆ ಗೆರೆಗಳಿರುವಲ್ಲಿ ಒಂದು ಗೆರೆಯ ಬಾಗು ಇಡೀ ಸ್ವಭಾವವನ್ನು ನಿರ್ಧರಿಸುತ್ತದೆ. ಕೊಕೆಶಿಯ ಸೆಳೆತದ ಗುಟ್ಟು ಇಲ್ಲಿದೆ ಎಂದು ನಾನು ನಂಬುತ್ತೇನೆ. ಮುಖದಲ್ಲಿ ಬಿಟ್ಟಿರುವ ಜಾಗದಲ್ಲಿ ನೋಡುವವರು ತಮ್ಮ ಮಗುವನ್ನು, ತಂಗಿಯನ್ನು, ಕಳೆದುಹೋದ ಯಾರನ್ನೋ ಕಾಣುತ್ತಾರೆ.

1910-20ರ ದಶಕಗಳಲ್ಲಿ ಗೊಂಬೆಗೆ ಮೊದಲ ದೊಡ್ಡ ಪೆಟ್ಟು ಬಿತ್ತು. ಸೆಲ್ಯುಲಾಯ್ಡ್ ಗೊಂಬೆಗಳು, ತಗಡಿನ ಆಟಿಕೆಗಳು ಹಳ್ಳಿ ಹಳ್ಳಿಗೂ ಬಂದವು. ಕಣ್ಣು ಕೋರೈಸುವ ಅವುಗಳ ಮುಂದೆ ಮರದ ತುಂಡು ಯಾವ ಮಗುವಿಗೆ ಬೇಕು? ಹಲವು ಕುಶಲಕರ್ಮಿಗಳು ಗೊಂಬೆ ಬಿಟ್ಟು ಟ್ರೇ, ಚಹಾ ಡಬ್ಬಿ ಕಡೆಯಲು ಹೋದರು. ಮಕ್ಕಳು ಕೈಬಿಟ್ಟ ಆ ಗೊಂಬೆಯನ್ನು ಆಗ ದೊಡ್ಡವರು ಎತ್ತಿಕೊಂಡರು. ಸೆಂದಾಯ್ ನಗರದ ಅಮಾಯೆ ತೊಮಿಯಾ ಬುಗ್ಗೆಯ ಊರುಗಳನ್ನು ಸುತ್ತಿ, ಮಾಡುವವರನ್ನು ಕಂಡು ಮಾತಾಡಿಸಿ, 1928ರಲ್ಲಿ ಈ ಗೊಂಬೆಗಳ ಬಗ್ಗೆಯೇ ಮೀಸಲಾದ ಮೊದಲ ಪುಸ್ತಕ ಪ್ರಕಟಿಸಿದರು. ಅದನ್ನು ಓದಿದ ಟೋಕಿಯೊ, ಒಸಾಕಾಗಳ ವ್ಯಾಪಾರಿಗಳು, ಬರಹಗಾರರು, ಕಲಾವಿದರು ರೈಲು ಹತ್ತಿ ಹಿಮ ಬೀಳುವ ಕಣಿವೆಗಳಿಗೆ ಬಂದರು. ಕಸುಬು ಬಿಟ್ಟು ಕೂತಿದ್ದ ಮುದುಕರ ಬಾಗಿಲು ತಟ್ಟಿ, ಮತ್ತೊಮ್ಮೆ ಕಡೆದುಕೊಡಿ ಎಂದು ಕೇಳಿಕೊಂಡರು. ಹಲವರು ಉಳಿ ಮಸೆದು ಮತ್ತೆ ಯಂತ್ರದ ಮುಂದೆ ಕೂತರು.

ಅಲ್ಲಿಗೆ ಗೊಂಬೆಯ ಬಾಳು ಬದಲಾಯಿತು. ಅಲ್ಲಿಯವರೆಗೆ ಅದಕ್ಕೆ ಸಹಿ ಇರಲಿಲ್ಲ. ಮಗು ಆಡಿ, ಎಳೆದಾಡಿ, ಸವೆಸಿ, ಕೊನೆಗೆ ಒಲೆಗೆ ಹೋಗುವ ವಸ್ತುವಿಗೆ ಸಹಿ ಯಾಕೆ? ಸಂಗ್ರಾಹಕರು ಬಂದ ಮೇಲೆ ಮಾಡಿದವರ ಹೆಸರು ಗೊಂಬೆಯ ಅಡಿಯಲ್ಲಿ ಮೂಡಿತು. ಯಾರು ಯಾರ ಶಿಷ್ಯ, ಯಾವ ನಮೂನೆ ಯಾವ ಮನೆಯದು ಎಂಬ ವಂಶಾವಳಿ ಬರೆದಿಡಲಾಯಿತು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರಿದ್ದ ಗೊಂಬೆಯನ್ನು ಕೊಕೆಶಿ ಎಂಬ ಒಂದೇ ಹೆಸರಿನಿಂದ ಕರೆಯುವುದೆಂದು 1940ರಲ್ಲಿ ನರುಕೊದಲ್ಲಿ ಸೇರಿದ ಆಸಕ್ತರು ಒಪ್ಪಿಕೊಂಡರು. ಸಂಗ್ರಾಹಕರಲ್ಲಿ ಒಬ್ಬರಾದ ಫುಕಜಾವಾ ಕನಾಮೆ ಕೂಡಿಟ್ಟ ಗೊಂಬೆಗಳು ಅವರು ತೀರಿಕೊಂಡ ಮೇಲೆ ನರುಕೊ ಊರಿಗೇ ಬಂದವು. 1975ರಲ್ಲಿ ಅಲ್ಲಿ ತೆರೆದ ಕೊಕೆಶಿ ಸಂಗ್ರಹಾಲಯಕ್ಕೆ ಅವೇ ಬುನಾದಿ.

ಸಂಗ್ರಾಹಕರು ಪರಂಪರೆಯನ್ನು ಬಂಧಿಸಿಬಿಟ್ಟರು, ಹಳೆಯದನ್ನೇ ಮತ್ತೆ ಮತ್ತೆ ಮಾಡಿಸಿದರು ಎಂಬ ಮಾತೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಅವರು ಆಗ ಬಾರದಿದ್ದರೆ ಬಂಧಿಸಲು ಏನೂ ಉಳಿಯುತ್ತಿರಲಿಲ್ಲ. ಯಾವ ದಾಖಲೆಯೂ ಇಲ್ಲದ ಬಡಪಾಯಿ ಕಸುಬಿನವರ ಹೆಸರು, ಮುಖ, ಮಾತುಗಳನ್ನು ಅವರು ಬರೆದಿಟ್ಟರು. ಆ ಋಣ ದೊಡ್ಡದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗೊಂಬೆಗೆ ಎರಡನೇ ಏರುಗಾಲ ಬಂತು. ಜಪಾನಿನಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ನೆನಪಿನ ಕಾಣಿಕೆ ಹುಡುಕಿದರು, ಆಮೇಲೆ ಕೈಯಲ್ಲಿ ಕಾಸು ಓಡಾಡತೊಡಗಿದ ಜಪಾನೀಯರೇ ಬುಗ್ಗೆಯ ಊರುಗಳಿಗೆ ಪ್ರವಾಸ ಹೊರಟರು. ಗುನ್ಮಾ ಪ್ರಾಂತ್ಯದಲ್ಲಿ ಯಾವ ಗುರುಪರಂಪರೆಗೂ ಕಟ್ಟುಬೀಳದ ಹೊಸ ಬಗೆಯ ಗೊಂಬೆಗಳು ಹುಟ್ಟಿದವು. ಇವಕ್ಕೆ ಸೃಜನಶೀಲ ಕೊಕೆಶಿ ಎಂದು ಹೆಸರು. ಮಾಡುವವರು ತಮ್ಮ ಮನಸ್ಸಿಗೆ ಬಂದಂತೆ ಬಾಗು, ಬಣ್ಣ, ಭಾವ ಕೊಡಬಹುದು. ಶಿರೊಯಿಶಿ ಪಟ್ಟಣದಲ್ಲಿ 1959ರಲ್ಲಿ ಶುರುವಾದ ಅಖಿಲ ಜಪಾನ್ ಸ್ಪರ್ಧೆ ಇಂದಿಗೂ ಮೇ ತಿಂಗಳಲ್ಲಿ ನಡೆಯುತ್ತದೆ. 1981ರಲ್ಲಿ ಸರ್ಕಾರ ಮಿಯಾಗಿ ಪ್ರಾಂತ್ಯದ ಕೊಕೆಶಿಗೆ ಪಾರಂಪರಿಕ ಕರಕುಶಲದ ಮಾನ್ಯತೆ ಕೊಟ್ಟಿತು.

ಕಡೆದ ಗೊಂಬೆ ಎಂದರೆ ಕನ್ನಡಿಗರಿಗೆ ಚನ್ನಪಟ್ಟಣ ನೆನಪಾಗುವುದು ಸಹಜ. ನೆಂಟಸ್ತಿಕೆಯ ಒಂದು ಎಳೆಯೂ ಇದೆ: ಜಪಾನಿನ ಆಟಿಕೆ ತಯಾರಿಕೆಯ ವಿಧಾನವನ್ನು ಅಳವಡಿಸಿಕೊಂಡು ಇಲ್ಲಿನ ಕುಶಲಕರ್ಮಿಗಳಿಗೆ ಕಲಿಸಿದವರೆಂದು ಚನ್ನಪಟ್ಟಣ ಬಾವಾಸ್ ಮಿಯಾ ಅವರನ್ನು ನೆನೆಯುತ್ತದೆ. ಇಲ್ಲಿ ಆಲೆಮರ, ಅಲ್ಲಿ ಮಿಝುಕಿ. ಇಲ್ಲಿ ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗಿನ ಕಡ್ಡಿ ಕಾವಿಗೆ ಕರಗಿ ಬಣ್ಣವಾಗುತ್ತದೆ, ಅಲ್ಲಿ ಅದೇ ಕಾವು ಗೊಂಬೆಯ ಕತ್ತನ್ನು ಬೆಸೆಯುತ್ತದೆ. ಎರಡೂ ಕಡೆ ಅಗ್ಗದ ಆಟಿಕೆಯ ಹಾವಳಿಗೆ ಎದುರಾಗಿ ನಿಂತದ್ದು ಒಂದೇ ಪ್ರಶ್ನೆ: ಕೈಕೆಲಸಕ್ಕೆ ಬೆಲೆ ಕೊಡುವವರು ಯಾರು?

ಜಪಾನಿನಲ್ಲಿ ಈ ಪ್ರಶ್ನೆ ಮೂರನೇ ಸಲ ಎದ್ದಾಗ ಉತ್ತರ ಅನಿರೀಕ್ಷಿತ ದಿಕ್ಕಿನಿಂದ ಬಂತು. ಹಳೆಯ ಸಂಗ್ರಾಹಕರು ವಯಸ್ಸಾಗಿ ಕಣ್ಮರೆಯಾಗುತ್ತಿದ್ದರು, ಕುಶಲಕರ್ಮಿಗಳ ಸಂಖ್ಯೆ ಇಳಿಯುತ್ತಿತ್ತು. 2010ರ ಸುಮಾರಿಗೆ ನಗರದ ಯುವತಿಯರು ಕೊಕೆಶಿಯ ಬೆನ್ನು ಹತ್ತಿದರು. ಅದಕ್ಕೇ ಮೀಸಲಾದ ಪತ್ರಿಕೆ ಬಂತು, ಹುಡುಗಿಯರ ಗುಂಪುಗಳು ಬುಗ್ಗೆಯ ಊರಿನಿಂದ ಊರಿಗೆ ಕುಶಲಕರ್ಮಿಗಳನ್ನು ಹುಡುಕಿ ಹೊರಟವು. ನಿಂಟೆಂಡೊ ಆಟಗಳಲ್ಲಿ ಆಡುವವರೇ ರೂಪಿಸಿಕೊಳ್ಳುವ ದುಂಡು ತಲೆಯ ಪುಟ್ಟ ಪಾತ್ರಗಳಿವೆಯಲ್ಲ, ಅವುಗಳ ಹಿಂದೆ ಕೊಕೆಶಿಯ ಪ್ರೇರಣೆ ಇದೆ ಎಂದು ಅವನ್ನು ರೂಪಿಸಿದ ಮಿಯಾಮೊತೊ ಶಿಗೆರು ಹೇಳಿದ್ದಾರೆ. ಕೆಲವೇ ಗೆರೆಗಳಲ್ಲಿ ಒಬ್ಬ ಮನುಷ್ಯ ಗುರುತಿಗೆ ಸಿಗುತ್ತಾನೆ ಎಂಬ ಕಿಜಿಶಿಗಳ ತಿಳಿವಳಿಕೆ ಹೀಗೆ ಲಕ್ಷಾಂತರ ಮನೆಗಳ ಟಿವಿ ಪರದೆಯನ್ನೂ ಸೇರಿತು.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಅಣುಸ್ಥಾವರದ ದುರಂತ ಇದೇ ತೊಹೊಕುವಿನ ಮೇಲೆ ಎರಗಿದವು. ತ್ಸುಚಿಯುವಿನಲ್ಲಿ ಹಲವು ವಸತಿಗೃಹಗಳು ಬಾಗಿಲು ಮುಚ್ಚಿದವು, ಅತಿಥಿಗಳು ಬರದೆ ಗೊಂಬೆ ಅಂಗಡಿಗಳು ಬಿಕೋ ಎಂದವು. ಹೊಸ ತಲೆಮಾರಿನ ಅಭಿಮಾನಿಗಳು ಆಗ ಆ ಊರುಗಳ ಕೈಬಿಡಲಿಲ್ಲ.

ಇಂದು ಕಸುಬಿನ ಮನೆಗಳಲ್ಲಿ ಹುಟ್ಟದವರೂ ಶಿಷ್ಯರಾಗುತ್ತಿದ್ದಾರೆ. ಶಿರೊಯಿಶಿಯಂಥ ಪಟ್ಟಣಗಳು ಹೊರ ಊರಿನ ಯುವಜನರನ್ನು ಕರೆತಂದು ಹಿರಿಯರ ಬಳಿ ಕಲಿಯಲು ನೆರವು ನೀಡುತ್ತಿವೆ. ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. ಹಗ್ಗ ಎಳೆಯುವವಳಾಗಿ ಕಸುಬಿನ ಅಂಚಿನಲ್ಲಿ ಕೂತಿದ್ದವಳ ಮುಂದಿನ ತಲೆಮಾರು ಈಗ ಉಳಿ ಹಿಡಿದು, ಗೊಂಬೆಯ ಅಡಿಯಲ್ಲಿ ತನ್ನ ಹೆಸರು ಬರೆಯುತ್ತಿದೆ. ಹಳೆಯದು ತಾನಾಗಿ ಉಳಿಯುತ್ತದೆ ಎಂಬ ಭ್ರಮೆಯನ್ನು ಕೊಕೆಶಿಯ ಇನ್ನೂರು ವರ್ಷ ಕಳೆಯುತ್ತವೆ. ಬೆಟ್ಟ ಕಳೆದುಕೊಂಡವರು ಅದನ್ನು ಕಡೆದರು, ರೈತರು ಮನೆಗೆ ಒಯ್ದರು, ಮಕ್ಕಳು ಬಿಟ್ಟಾಗ ದೊಡ್ಡವರು ಎತ್ತಿಕೊಂಡರು, ದೊಡ್ಡವರು ಮುದುಕರಾದಾಗ ಹುಡುಗಿಯರು ಬಂದರು. ಪರಂಪರೆ ಎಂದರೆ ಪ್ರತಿ ತಲೆಮಾರೂ ಮತ್ತೊಮ್ಮೆ ಬೇಕೆಂದು ಆರಿಸಿಕೊಳ್ಳುವುದು. ಹಾಗೆ ಆರಿಸಿಕೊಳ್ಳುವವರು ಇರುವಷ್ಟು ಕಾಲ ಕೈಕಾಲಿಲ್ಲದ ಈ ಗೊಂಬೆ ತನ್ನ ದಾರಿಯಲ್ಲಿ ಸಾಗುತ್ತದೆ.